ಗಡ್ಡವಿದ್ದ ಮಿಸೆಸ್ ಮಾರ್ಗರೆಟ್

ಮಿಸೆಸ್ ಮಾರ್ಗರೆಟ್‌ಳ ಗಡ್ಡದಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು.

ಆಕೆ ಮುದುಕಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಾಳೆ. ಆಪರೇಶನ್ ಆಗಿದೆ. ಈಗ ಎದ್ದು ನಡೆಯಲು ಹೆದರುತ್ತಾಳೆ. ಇಷ್ಟೂ ವಿವರ ನನ್ನ ಕೈಯಲ್ಲಿದ್ದ ಕಾರ್ಡಿನಲ್ಲಿತ್ತು. ಗಡ್ಡದ ವಿಷಯ ಇರಲಿಲ್ಲ.

"ಯೂ ಮಸ್ಟ್ ವಾಕ್ ಟುಡೇ, ಮಿಸೆಸ್ ಮಾರ್ಗರೆಟ್," ಎಂದೆ.

"ಐ ಆ್ಯಮ್ ಅಫ್ರೇಡ್, ನರ್ಸ್," ಎಂದಳು ಮಾರ್ಗರೆಟ್, ಪಡಸಾಲೆಯ ಕಂಬಕ್ಕೆ ಒರಗಿ, ದಪ್ಪ ಗಂಡುದನಿಯಲ್ಲಿ.

"ಡೋಂಟ್ ಬಿ ಅಫ್ರೇಡ್. ವಾಕ್."

ಮಾರ್ಗರೆಟ್ ನೋವಿನಿಂದೆಂಬಂತೆ ಕಣ್ಣು ಮುಚ್ಚಿದಳು. ಕಣ್ಣು ತೆರೆಯುವಾಗ ಇಲಿಯಾಸ್ ಆಗಿದ್ದಳು.

"ಮತ್ತ ಫೇಲ್ ರೀ ಸಿಸ್ಟರ್."

"ಯಾಕ? ಹೆದರಬ್ಯಾಡ ಅಂತ ಹೇಳಿದ್ನೆಲ್ರಿ?"

"ಹಂಗ ಹೇಳಬಾರದು. ಆಕಿ ಹೆದರ್ಯಾಳ ಅನ್ನೂದು ನಿಮಗ ತಿಳದೈತಿ ಅಂತ ಮೊದಲ ಆಕಿಗೆ ತಿಳೀಬೇಕು. ಐ ಕ್ಯಾನ್ ಸೀ ದಿಸ್ ಈಸ್ ಡಿಫಿಕಲ್ಟ್ ಫಾರ್ ಯೂ. ಹಿಂಗ."

"ಕಣ್ಣ ಅದಾವ, ಕಾಣ್ತೈತಿ. ಕಾಣ್ತೈತಿ ಅಂತ ಮತ್ತ ಡಂಗುರ ಹೊಡೀಬೇಕೇನ?"

"ಡಂಗುರಕ್ಕ ಮಾರ್ಕ್ಸ್ ಅದಾವ್ರಿ."

ಬಣ್ಣಗೆಟ್ಟ ಪರದೆಯ ಆಚೆ, ಮಗ್ಗದ ಕೋಣೆಯಲ್ಲಿ, ಪಂಜಾ ಗಟ್ಟಿಯಾಗಿ ಬಿತ್ತು. ಪಂಜಾ ಎಂದರೆ ಕಬ್ಬಿಣದ ದೊಡ್ಡ ಬಾಚಣಿಗೆ. ಜಮಖಾನ ನೇಯುವವರು ಎಳೆಯನ್ನು ಅದರಿಂದ ಕುಟ್ಟಿ ಕೂಡಿಸುತ್ತಾರೆ. ಇಲಿಯಾಸನ ತಾಯಿ ಮೀರಾಬಿ ಖಾಲಾ ದಿನವಿಡೀ ಕುಟ್ಟುತ್ತಿದ್ದರು: ಎರಡು ಹಗುರ, ಒಂದು ಬಲ. ಎರಡು ಹಗುರ, ಒಂದು ಬಲ. ಲೆಕ್ಕ ತಪ್ಪಿ ಒಂದು ಏಟು ಹೆಚ್ಚಿಗೆ ಬಿತ್ತೆಂದರೆ ಪರದೆಯ ಆಚೆ ನಗುತ್ತಿದ್ದಾರೆ ಎಂದರ್ಥ.

ಆ ಹತ್ತಿಯ ಎಳೆಯನ್ನು ತೆಗೆಯಬೇಕು ಅನ್ನಿಸಿತು. ಕಾರ್ಡು ಎರಡೂ ಕೈಯಿಂದ ಹಿಡಿದುಕೊಂಡೆ.

ನಾನು ತಹಸೀನ್. ಊರು ಅಣ್ಣಿಗೇರಿ. ನವಲಗುಂದದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿನ ಆಸ್ಪತ್ರೆಯೊಂದು ನನ್ನನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಒಪ್ಪುವುದು ಬೇರೆ, ಬಿಟ್ಟುಕೊಳ್ಳುವುದು ಬೇರೆ. ಅಲ್ಲಿ ನರ್ಸ್ ಎನಿಸಿಕೊಳ್ಳಲು ಅವರ ನರ್ಸಿಂಗ್ ಕೌನ್ಸಿಲ್ಲಿನ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಡಿಗ್ರಿ ಬೇಕು, ಡಿಗ್ರಿ ನಿಜವೆಂದು ಹೇಳುವ ಇನ್ನೊಂದು ಕಾಗದ ಬೇಕು, ನಾನು ಒಳ್ಳೆಯವಳೆಂದು ಹೇಳುವ ಮತ್ತೊಂದು ಕಾಗದ ಬೇಕು. ನನ್ನನ್ನು ಒಮ್ಮೆಯೂ ನೋಡದ ಯಾರೋ ಒಬ್ಬರು ನಾನು ಸದ್ಗುಣಿ ಎಂದು ಠಸ್ಸೆ ಹೊಡೆದು ಕಳಿಸಿದರು. ಅದನ್ನು ಅಪ್ಪನಿಗೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಓದಿ, "ಇವರಿಗೆ ನಿನ್ನ ಬಾಯಿ ಗೊತ್ತಿಲ್ಲ," ಎಂದಿದ್ದರು.

ಬಾಯಿಯೇ ತೊಡಕಾಯಿತು. ನರ್ಸುಗಳ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಕೇಳುವುದು ಎಲ್ಲ ಪಾಸು. ಮಾತಾಡುವುದರಲ್ಲಿ ಎರಡು ಸಲ ಫೇಲು. ಅಲ್ಲಿ ಒಬ್ಬರು ರೋಗಿಯಂತೆ ನಟಿಸುತ್ತಾರೆ, ನಾವು ನರ್ಸಿನಂತೆ ನಟಿಸಬೇಕು. ನಾನು ನರ್ಸೇ ಆಗಿದ್ದೆ, ಅದೇ ತಪ್ಪಾಯಿತು. ರೋಗಿಯ ಮನಸ್ಸು ಅರಿಯುವ ಲಕ್ಷಣವಿಲ್ಲ ಎಂಬರ್ಥದ ಅಂಕಿ ಬಂತು. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳು ಈ ಪೇಟೆಯಲ್ಲಿ ಈಗ ಸೈಕಲ್ ಓಡಿಸುತ್ತಿದ್ದಾರೆ. ಅವರ ತಾಯಂದಿರಿಗೆಲ್ಲ ಬೈದಿದ್ದೇನೆ, ಬೆನ್ನು ಉಜ್ಜಿದ್ದೇನೆ. ಯಾರೂ ಅಂಕ ಕೊಟ್ಟಿರಲಿಲ್ಲ.

ಕೊನೆಯದೊಂದು ಸಲ ಉಳಿದಿತ್ತು. ಆ ಆಸ್ಪತ್ರೆಯವರು ಮುಂದಿನ ಫಲಿತಾಂಶದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ಹುಬ್ಬಳ್ಳಿಯಲ್ಲಿ ಒಂದು ಕೋಚಿಂಗ್ ಸೆಂಟರಿಗೆ ಹೋಗಿ ಬಂದೆ. ಅಲ್ಲಿನ ಕಾಶಿನಾಥ ಸರ್ ಜೀವಮಾನದಲ್ಲಿ ಯಾರ ನಾಡಿಯನ್ನೂ ಹಿಡಿದವರಲ್ಲ, ಪಾಸ್‌ಪೋರ್ಟನ್ನೂ ಬಳಸಿದವರಲ್ಲ. ಟೈ ಮಾತ್ರ ಕಟ್ಟುತ್ತಿದ್ದರು. ಕರುಣೆ ತೋರಿಸುವಾಗ ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಬೇಕು ಎಂದು ಕಲಿಸಿದರು. ಒಂದು ಕೋಣೆ ತುಂಬ ನರ್ಸುಗಳು, ಹೆರಿಗೆ ಮಾಡಿಸಿದವರು, ಸತ್ತವರ ಕಣ್ಣು ಮುಚ್ಚಿದವರು, ಎಲ್ಲರೂ ಒಟ್ಟಿಗೆ ತಲೆ ಎಡಕ್ಕೆ ವಾಲಿಸಿ ಕೂತೆವು. ಮಳೆಯಲ್ಲಿ ನೆನೆದ ಕೋಳಿಗಳ ಹಾಗೆ. ಮರುದಿನದಿಂದ ಹೋಗಲಿಲ್ಲ.

ಆಗ ಸಿಕ್ಕ ರೋಗಿ ಇಲಿಯಾಸ್.

ನಾನು ಬಾಡಿಗೆಗಿದ್ದದ್ದು ಮೀರಾಬಿ ಖಾಲಾರ ಮನೆಯ ಮೇಲಿನ ಕೋಣೆಯಲ್ಲಿ. ಮಗ ಇಲಿಯಾಸ್ ಬಿಶ್ಕೆಕ್‌ನಲ್ಲಿ ಎಂಬಿಬಿಎಸ್ ಓದಿ ಬಂದಿದ್ದ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರ್ ಎನಿಸಿಕೊಳ್ಳಲು ಒಂದು ಪರೀಕ್ಷೆ ಪಾಸಾಗಬೇಕು. ಅವನು ಆಗಿರಲಿಲ್ಲ. ಬರೆಯುತ್ತಲೇ ಇದ್ದ. ಅಷ್ಟರವರೆಗೆ ನಮ್ಮ ನರ್ಸಿಂಗ್ ಹೋಮಿನ ಎದುರಿಗೆ ಸೋದರಮಾವ ಮುನಾಫ್‌ರ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ಕೂತಿರುತ್ತಿದ್ದ. ಬಾಟಲಿಯ ಮೇಲಿನ ಅಕ್ಷರ ಓದಿ ಹೇಳುವುದಷ್ಟೇ ಅವನ ವೈದ್ಯಕೀಯ. ಊರು ಅವನನ್ನು 'ಡಾಕ್ಟ್ರ' ಎಂದೇ ಕರೆಯುತ್ತಿತ್ತು, ಬಾಯಿ ಓರೆ ಮಾಡಿಕೊಂಡು.

ನಾನು ಅಷ್ಟೂ ಮರ್ಯಾದೆ ಕೊಟ್ಟಿರಲಿಲ್ಲ. ಒಮ್ಮೆ ಗಡಿಬಿಡಿಯಲ್ಲಿ ಸಲೈನ್ ತರಲು ಹೋದಾಗ ಅವನು ಯಾರಿಗೋ ನಿಧಾನವಾಗಿ ಗುಳಿಗೆ ತಗೊಳ್ಳುವ ಹೊತ್ತು ವಿವರಿಸುತ್ತಿದ್ದ. ನನಗೆ ಸಿಟ್ಟು ಬಂತು.

"ಲಗೂ ಕೊಡ್ರಿ ಅರ್ಧ ಡಾಕ್ಟ್ರ," ಎಂದೆ.

ಅಂಗಡಿಯಲ್ಲಿದ್ದವರು ನಕ್ಕರು. ಅವನು ಸಲೈನ್ ಬಾಟಲಿ ಕೊಟ್ಟು, ನನ್ನನ್ನೇ ನೋಡುತ್ತ, ಅಗದಿ ಗಂಭೀರವಾಗಿ ಕೇಳಿದ:

"ಯಾವ ಅರ್ಧರಿ? ಮ್ಯಾಲಿಂದೊ, ಕೆಳಗಿಂದೊ?"

ಬಾಟಲಿ ಎದೆಗೊತ್ತಿಕೊಂಡು ಹೊರಟೆ. ರಸ್ತೆ ದಾಟುವಾಗ ಕೆನ್ನೆ ಬಿಸಿಯಾಗಿತ್ತು. ಬಿಸಿಲಿಗೆ ಅಂದುಕೊಂಡೆ. ನವಲಗುಂದದ ಬಿಸಿಲು ಎಲ್ಲದಕ್ಕೂ ನೆಪವಾಗುತ್ತದೆ.

ಬಾಡಿಗೆಗೆ ಬಂದ ದಿನವೇ ಮೀರಾಬಿ ಖಾಲಾ ಒಂದು ಶರತ್ತು ಹಾಕಿದ್ದರು. ನೀರು ಬೇಕಾದಷ್ಟು ತಗೊ, ಹಿತ್ತಲಲ್ಲಿ ಬಟ್ಟೆ ಒಣಗಿಸು, ಹಬ್ಬದ ದಿನ ಇಲ್ಲೇ ಉಣ್ಣು. ಮಗ್ಗದ ಕೋಣೆಗೆ ಮಾತ್ರ ಕಾಲಿಡಬೇಡ.

"ಯಾಕ್ರಿ?"

"ನೀ ಸೊಸಿ ಅಲ್ಲ, ಅದಕ್ಕ."

ಆ ಗಲ್ಲಿಯ ನೇಯುವ ಮನೆಗಳಲ್ಲಿ ಹಾಗೆಯೇ. ವಿದ್ಯೆ ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಲಗ್ನವಾಗಿ ಹೋದರೆ ನವಿಲು, ಹೂವು, ಪಗಡೆಯ ನಕ್ಷೆ ಎಲ್ಲ ಅವಳ ಕೈಯೊಳಗೆ ಕೂತು ಬೇರೆ ಮನೆಗೆ ಹೋಗುತ್ತವಲ್ಲ. ಸೊಸೆಯಾದರೆ ಬರುವವಳು, ಇರುವವಳು. ಗಂಡಸರು ನೂಲು ತರುತ್ತಾರೆ, ನೇಯ್ದದ್ದನ್ನು ಮಾರುತ್ತಾರೆ, ಕೈ ಹೆಂಗಸರದು.

ನನಗೆ ನಗು ಬಂದಿತ್ತು. ಇಂಗ್ಲೆಂಡಿನವರು ಕನಿಷ್ಠ ವೆಬ್‌ಸೈಟ್ ಇಟ್ಟಿದ್ದಾರೆ. ಇಲ್ಲಿ ಒಂದು ಮಾಸಿದ ಪರದೆ. ಒಳಗೆ ಬರುವವರಿಗೆ ಮೊದಲು ಒಳಗಿನವರಾಗಿ ಬನ್ನಿ ಎನ್ನುವುದು ಎರಡೂ ಕಡೆಯ ಬುದ್ಧಿವಂತಿಕೆ. "ನಿಮ್ಮ ಜಮಖಾನಿ ನನಗ್ಯಾಕ ಬೇಕ್ರಿ, ನಾ ಖಾಟದ ಮ್ಯಾಲೆ ಮಲಗಾಕಿ," ಎಂದಿದ್ದೆ. ಖಾಲಾ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಬಾಯಿ ಐತಿ ಹುಡುಗಿಗೆ," ಎಂದು ಪರದೆ ಎಳೆದುಕೊಂಡಿದ್ದರು.

ಇಲಿಯಾಸ್ ತಾನೇ ರೋಗಿಯಾಗುತ್ತೇನೆಂದ. ಬಿಶ್ಕೆಕ್‌ನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತಂತೆ. ಸಂಜೆ ಅಸರ್ ನಮಾಜಾದ ಮೇಲೆ, ಪಡಸಾಲೆಯ ಬಾಗಿಲು ತೆರೆದಿಟ್ಟು, ಪರದೆಯ ಆಚೆ ಖಾಲಾರ ಪಂಜಾ ಕೇಳಿಸುತ್ತಿರುವಾಗ, ನಾವು ಎದುರುಬದುರು ಕೂರುತ್ತಿದ್ದೆವು. ಅವನು ಕಾಶಿನಾಥ ಸರ್‌ಗಿಂತ ಒಳ್ಳೆಯ ರೋಗಿ. ಕೌಂಟರಿಗೆ ಬರುವ ಜನರನ್ನೆಲ್ಲ ಕದ್ದು ತರುತ್ತಿದ್ದ. ಒಂದು ದಿನ ಸಕ್ಕರೆ ಕಾಯಿಲೆಯ ಲಾರಿ ಡ್ರೈವರ್. ಇನ್ನೊಂದು ದಿನ ತಲೆದಿಂಬನ್ನು ತೊಡೆಯ ಮೇಲೆ ಮಲಗಿಸಿಕೊಂಡ ಬಾಣಂತಿ.

"ಕೂಸಿನ ಕುತ್ತಿಗಿ ಹಿಡೀರಿ ಡಾಕ್ಟ್ರ, ಹಿಂಗ ಹಿಡದ್ರ ಸಾಯ್ತೈತಿ."

"ಇಂಗ್ಲಿಷಿನ್ಯಾಗ ಹೇಳ್ರಿ."

"ಇಂಗ್ಲಿಷಿನ್ಯಾಗ ಹೇಳೂದ್ರಾಗ ಸತ್ತ ಹೋಗಿರ್ತೈತಿ."

ಅವನು ದಿಂಬಿನ ಕುತ್ತಿಗೆಯನ್ನು ಸರಿಮಾಡಿದ. ಅದನ್ನು ಎಷ್ಟು ಜೋಪಾನವಾಗಿ ಮಾಡಿದನೆಂದರೆ ನಾನು ಬೇರೆ ಕಡೆ ನೋಡಬೇಕಾಯಿತು.

"ಐ ಕಾಂಟ್ಯಾಕ್ಟ್ ಹೋತು. ಮಾರ್ಕ್ಸ್ ಕಟ್," ಎಂದ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಎಂಬುದೂ ಅವರ ನಿಯಮವೇ. ಲಂಡನ್ನಿನ ಯಾವುದೋ ಕೋಣೆಯಲ್ಲಿ ಕೂತು ಈ ನಿಯಮ ಬರೆದವರಿಗೆ ನವಲಗುಂದದ ಒಂದು ಪಡಸಾಲೆಯಲ್ಲಿ ಏನಾಗುತ್ತದೆಂಬ ಅರಿವಿರಲಿಲ್ಲ. ಅವನ ಕಣ್ಣು ಜೇನಿನ ಬಣ್ಣದವು. ಎಡಗಣ್ಣಿನ ರೆಪ್ಪೆಯ ಮೇಲೆ ಸಣ್ಣ ಕಲೆ. ನಾನು ನೋಡುತ್ತಿದ್ದೆ, ಅಂಕಕ್ಕಾಗಿ. ಅವನು ನೋಡುತ್ತಿದ್ದ, ರೋಗಿಯಾಗಿ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಕಾರ್ಡಿನಲ್ಲಿ ಏನಿತ್ತೆಂಬುದು ಮರೆತು ಹೋಗುತ್ತಿತ್ತು. ಮೊದಲು ಕಣ್ಣು ತಗ್ಗಿಸುವವನು ಅವನೇ.

"ರೋಗಿಗೆ ನಾಚಿಕಿ ಭಾಳ," ಎಂದೆ ಒಮ್ಮೆ.

"ರೋಗಿಗೆ ಜ್ವರ ಬಂದೈತ್ರಿ."

ಪಂಜಾ ಒಂದು ಏಟು ಹೆಚ್ಚಿಗೆ ಬಿತ್ತು.

ಆ ವಾರ ವಾರ್ಡಿನಲ್ಲಿ ಶಿವಗಂಗವ್ವ ಎಂಬ ಅಜ್ಜಿ ಇದ್ದಳು. ಅಣ್ಣಿಗೇರಿಯ ಕಡೆಯ ಹಳ್ಳಿಯವಳು, ಹೊಲಮನೆ ಇದ್ದವಳು, ಹಣೆ ತುಂಬ ವಿಭೂತಿ. ಗರ್ಭಚೀಲ ತೆಗೆದಿದ್ದರು. ಎದ್ದು ಕೂರು ಎಂದರೆ ಗೋಡೆಯ ಕಡೆ ಮಗ್ಗುಲಾಗುವಳು. ಮಗ ಹೇಳಿ ಸೋತ, ಡಾಕ್ಟರು ಹೇಳಿ ಹೋದರು.

"ಏ ಅಜ್ಜಿ, ಏಳಬೇ. ಮಲಗಿದ್ದಲ್ಲೆ ಬೇರ ಬಿಡಾಕತ್ತಿಯಲ್ಲ, ಇಲ್ಲೆ ಜ್ವಾಳಾ ಬಿತ್ತಲೇನು?" ಎಂದೆ.

"ಆಗೂದಿಲ್ಲ ಬಿಡ ತಂಗಿ. ಹರಕೊಂಡು ಬಿಡ್ತೈತಿ."

"ಹೊಲಿಗಿ ಹಾಕಿದಾಕಿ ನಾ ಅಲ್ಲೇನು? ನನ್ನ ಹೊಲಿಗಿ ಹರೀತಂದ್ರ ನನ್ನ ಹೆಸರಿಗೆ ಕೆಟ್ಟದು. ಕೈ ಕೊಡು. ಕೊಡ ಅಂದ್ನೆಲ್ಲ!"

ಹೊಲಿಗೆ ಹಾಕಿದವಳು ನಾನಲ್ಲ. ಅವಳಿಗೂ ಅದು ಗೊತ್ತಿತ್ತು. ಬೈಯುತ್ತ ಎದ್ದಳು, ನನ್ನ ಹೆಗಲಿಗೆ ಜೋತುಬಿದ್ದು ಕಿಟಕಿಯವರೆಗೆ ನಡೆದಳು, ನನ್ನ ಅಪ್ಪನ ಮನೆತನವನ್ನೆಲ್ಲ ಎತ್ತಿ ಆಡಿದಳು. ಕಿಟಕಿಯ ಹತ್ತಿರ ನಿಂತು ಉಸಿರು ತಗೊಂಡು, ಎದುರಿನ ಮೆಡಿಕಲ್ ಅಂಗಡಿಯನ್ನೂ ನನ್ನನ್ನೂ ನೋಡಿದಳು.

"ಆ ಗಡ್ಡದ ಹುಡುಗ ದಿನಾ ಅಲ್ಲಿ ಔಷಧ ಮಾರಾಕ ಕುಂದರ್ತಾನೊ, ಈ ಕಿಟಕಿ ನೋಡಾಕ ಕುಂದರ್ತಾನೊ?"

"ನಡೀ ಅಜ್ಜಿ, ಭಾಳ ಆತು ನಿಂದು."

"ಕುರುಡಿಗೂ ಕಾಣ್ತೈತಿ, ನರ್ಸಬಾಯಿಗೆ ಕಾಣಂಗಿಲ್ಲ."

ತಿರುಗಿದರೆ ಬಾಗಿಲಲ್ಲಿ ಇಂಜೆಕ್ಷನ್ ಪೆಟ್ಟಿಗೆ ಹಿಡಿದು ಇಲಿಯಾಸ್ ನಿಂತಿದ್ದ. ಅಂಗಡಿಯಲ್ಲಿ ಆಗ ಕೂತಿದ್ದವರು ಅವನ ಮಾವ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಿವಿ ಕೆಂಪಗಾಗಿತ್ತು.

ಆ ಸಂಜೆ ಪಡಸಾಲೆಯಲ್ಲಿ ಅವನು ಕಾರ್ಡು ಮುಟ್ಟಲಿಲ್ಲ.

"ಆ ಅಜ್ಜಿ ಮುಂದ ನೀವು ಒಂದ ಸಲಾನೂ ಡಿಫಿಕಲ್ಟ್ ಅನ್ಲಿಲ್ರಿ. ಆದರ ಆಕಿಗೆ ಗೊತ್ತಿತ್ತು."

"ಏನು?"

"ನೀವು ಆಕಿನ್ನ ಕೆಡವಂಗಿಲ್ಲ ಅಂತ."

"ಅದನ್ನ ಆ ಪರೀಕ್ಷಾದವರಿಗೆ ಹೋಗಿ ಹೇಳ್ರಿ."

"ಅವರಿಗೆ ಕನ್ನಡ ಬರಂಗಿಲ್ಲಲ್ರಿ," ಎಂದು ನಕ್ಕ. ಆ ನಗುವಿನಲ್ಲಿ ನನ್ನ ಮೇಲಿದ್ದ ಅಕ್ಕರೆ ನನಗೆ ಬೇಕಾಗಿತ್ತು. ಬೇಕಾಗಿತ್ತು ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಹೇಸಿಗೆಯಾಯಿತು. ಹೊರಟು ನಿಂತವಳಿಗೆ ಇದೆಲ್ಲ ಯಾಕೆ? ಇಲ್ಲಿ ಏನಿದೆ ಎಂದು ಉಳಿಯಬೇಕು? 'ಏ ಸಿಸ್ಟರ್' ಎಂದು ಚಪ್ಪಾಳೆ ತಟ್ಟಿ ಕರೆಯುವ ಡಾಕ್ಟರು. ಲಗ್ನದ ಮಾತಿಗೆ ಬಂದು, ರಾತ್ರಿಪಾಳಿ ಬಿಡ್ತಾಳೇನು ಎಂದು ಕೇಳಿ, ಚಹಾ ಕುಡಿದು ಹೋದ ಕುಂದಗೋಳದ ಗುತ್ತಿಗೆದಾರ. ನನಗೆ ನನ್ನದೊಂದು ಬಾಗಿಲು ಬೇಕಿತ್ತು, ಒಳಗಿನಿಂದ ನಾನೇ ಹಾಕಿಕೊಳ್ಳುವ ಚಿಲಕ. ಅದು ಎಲ್ಲೋ ಮಂಜು ಕವಿದ ಊರಿನಲ್ಲಿದ್ದರೆ ಅಲ್ಲಿಗೇ ಹೋಗುವುದು.

ಪರೀಕ್ಷೆಗೆ ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಕೊನೆಯ ಕಾರ್ಡು. ರೋಗಿ ಗಂಡಸು. ಚಿಕಿತ್ಸೆ ಬೇಡ ಎನ್ನುತ್ತಾನೆ, ಕಾರಣ ಹೇಳುವುದಿಲ್ಲ. ನರ್ಸು ಕೆದಕಿ ಕೇಳಬೇಕು, ಒತ್ತಾಯ ಮಾಡಬಾರದು.

ನಾನು ಎಲ್ಲ ಸರಿಯಾಗಿ ಮಾಡಿದೆ. ತಲೆಯನ್ನೂ ಎಡಕ್ಕೆ ವಾಲಿಸಿದೆ.

"ಈಸ್ ದೇರ್ ಎನಿಥಿಂಗ್ ಎಲ್ಸ್ ವರಿಯಿಂಗ್ ಯೂ?"

ಅವನು ಉತ್ತರ ಕೊಡಲಿಲ್ಲ. ನಟನೆ ಅಂದುಕೊಂಡು ಕಾದೆ. ರೋಗಿ ಸುಮ್ಮನಿದ್ದರೆ ಕಾಯಬೇಕೆಂಬುದೂ ನಿಯಮ. ಅವನು ಪಡಸಾಲೆಯ ನೆಲ ನೋಡುತ್ತಿದ್ದ. ಕೈಬೆರಳು ನೆಲದ ಮೇಲಿನ ಜಮಖಾನದ ನವಿಲಿನ ಕೊಕ್ಕನ್ನು ತಿದ್ದುತ್ತಿತ್ತು. ಪಂಜಾ ನಿಂತಿತ್ತು. ಯಾವಾಗ ನಿಂತಿತೋ ಗೊತ್ತಿಲ್ಲ.

"ಡಾಕ್ಟ್ರ?"

"ನೀವು ಪಾಸ್ ಆಗ್ತೀರಿ ಸಿಸ್ಟರ್," ಎಂದ ಕನ್ನಡದಲ್ಲಿ. "ಅದ ನನ್ನ ರೋಗ."

ಇಷ್ಟು ದಿನ ಕಿಟಕಿಯಿಂದ, ಕೌಂಟರಿನಿಂದ, ದಿಂಬಿನ ಕೂಸಿನ ಮೇಲಿಂದ ದಾಟಿ ಬಂದದ್ದು ಈಗ ನಮ್ಮಿಬ್ಬರ ನಡುವೆ ಕಾಲು ಮಡಚಿ ಕೂತಿತ್ತು.

"ಹಂಗಾರ ಕೇಳ್ರಿ," ಎಂದೆ.

"ಏನು?"

"ಏನ ಕೇಳಬೇಕೊ ಅದನ್ನ."

ಅವನು ತಲೆ ಆಡಿಸಿದ. "ಈಗ ಹೆಂಗ ಕೇಳಲಿ? ನನಗ ಏನ ಹಕ್ಕೈತಿ? ನಾನೂ ಪಾಸಾಗಬೇಕು, ಹೆಸರಿನ ಮುಂದ ಡಾಕ್ಟರ್ ಅಂತ ಹಾಕ್ಕೋಬೇಕು, ನಿಮ್ಮ ಅಪ್ಪನ ಮುಂದ ನೆಟ್ಟಗ ನಿಂದರಬೇಕು. ಆಮ್ಯಾಲೆ ಕೇಳ್ತೇನಿ. ಆಗ ನೀವು ಎಲ್ಲಿ ಇದ್ರೂ."

ನನ್ನೊಳಗೆ ಅರಳುತ್ತಿದ್ದದ್ದು ಹಾಗೆಯೇ ಹುಳಿಯಾಯಿತು.

"ಓಹೋ. ನಿಮಗೂ ಒಂದು ಕೌನ್ಸಿಲ್ ಐತಿ," ಎಂದೆ. "ಪ್ರೀತಿಗೆ ರಜಿಸ್ಟ್ರೇಶನ್ ನಂಬರ್ ಬೇಕು ನಿಮಗ. ನಾ ನಿಮ್ಮನ್ನ ಅರ್ಧ ಡಾಕ್ಟ್ರ ಅಂದಿದ್ದು ತಪ್ಪಾತ್ರಿ. ನೀವು ಅರ್ಧ ಗಂಡಸ್ರು."

ಅವನ ಮುಖದ ರಕ್ತ ಇಳಿಯಿತು. ನಾನು ಕಾರ್ಡುಗಳನ್ನು ಅವನ ಮುಂದೆ ಒಗೆದು ಮೇಲೆ ಹೋದೆ. ಮೆಟ್ಟಿಲು ಹತ್ತುವವರೆಗೂ ಕೆಳಗೆ ಪಂಜಾದ ಸದ್ದಿಲ್ಲ.

ಬೆಂಗಳೂರಿನಲ್ಲಿ ಎಸಿ ಕೋಣೆ. ಎದುರಿಗೆ ಕೊರಳಲ್ಲಿ ಗುರುತಿನ ಚೀಟಿ ತೂಗಿದ ಹೆಂಗಸು. ಅವಳಿಗೆ ಕೊಟ್ಟ ಪಾತ್ರ ಗಂಡಸಿನದು: ಪಾರ್ಶ್ವವಾಯು ಹೊಡೆದವನು, ನೆಟ್ಟಗೆ ನಡೆಯಲು ಬರುವವರೆಗೆ ಮನೆಯವರ ಮುಖ ನೋಡುವುದಿಲ್ಲ ಎಂದು ಹಟ ಹಿಡಿದವನು.

ಕಾರ್ಡು ಓದಿ ನನಗೆ ನಗು ಬಂತು. ಈ ಮೂರ್ಖ ಬೆಂಗಳೂರಿಗೂ ಬಂದಿದ್ದನಲ್ಲ.

ಆ ಹೆಂಗಸು ಬಾಯಿಪಾಠ ಮಾಡಿದ ದುಃಖದಲ್ಲಿ, ಸರಿಹೋಗುವವರೆಗೆ ನನ್ನನ್ನು ಯಾರೂ ನೋಡಬಾರದು ಎಂದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲು ಇಂಗ್ಲಿಷಿನಲ್ಲಿ ಅಂಕವಿಲ್ಲ. ಹಲ್ಲು ಕಚ್ಚಿ, "ಐ ಕ್ಯಾನ್ ಸೀ ದಿಸ್ ಈಸ್ ಡಿಫಿಕಲ್ಟ್ ಫಾರ್ ಯೂ," ಎನ್ನಹೋದೆ. ಅರ್ಧಕ್ಕೆ ದನಿ ಒಡೆಯಿತು. ಸಿಟ್ಟಿಗೆ ಒಡೆಯಿತು. ನಿಮ್ಮವರಿಗೆ ನೀವು ನಡೆಯುವುದು ಬೇಕಾಗಿಲ್ಲ, ನೀವು ಬೇಕು, ಎಂದೆ. ಅವರು ಬಾಗಿಲಲ್ಲಿ ನಿಂತಿದ್ದಾರೆ, ನೀವು ಒಳಗಿನಿಂದ ಚಿಲಕ ಹಾಕಿಕೊಂಡಿದ್ದೀರಿ, ಎಂದೆ. ವ್ಯಾಕರಣ ಎಲ್ಲಿ ಹೋಯಿತೋ. ಆ ಹೆಂಗಸು ತನ್ನ ಪಾತ್ರ ಮರೆತು ನನ್ನನ್ನು ನೋಡಿದಳು.

ಪಾಸಾದೆ. ಮಾತಿನಲ್ಲಿ ಒಳ್ಳೆಯ ಅಂಕ. ಕರುಣೆಗೂ ಕೋಪಕ್ಕೂ ವ್ಯತ್ಯಾಸ ತಿಳಿಯದ ಆ ಜನ, ಇಲಿಯಾಸನಿಗೆ ನಾನು ಬೈದ ಬೈಗುಳಕ್ಕೆ ಅಂಕ ಕೊಟ್ಟು ನನ್ನನ್ನು ಒಳಗೆ ಬಿಟ್ಟುಕೊಂಡರು.

ಫಲಿತಾಂಶ ಮೊಬೈಲಿಗೆ ಬಂದದ್ದು ಒಂದು ಮಧ್ಯಾಹ್ನ. ಡ್ಯೂಟಿ ಮುಗಿಸಿ ಬಂದೆ. ಬೆಂಗಳೂರಿನಿಂದ ಬಂದಾಗಿನಿಂದ ಇಲಿಯಾಸ್ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಅಂಗಡಿಯ ಕಡೆ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿದ್ದದ್ದು ಖಾಲಾ ಒಬ್ಬರೇ.

ಮಗ್ಗದ ಕೋಣೆಯ ಪರದೆಯನ್ನು ಒಂದು ಬದಿಗೆ ಸರಿಸಿ ಕಟ್ಟಿತ್ತು.

ಮೊದಲ ಸಲ ಆ ಮಗ್ಗ ಕಂಡೆ. ಗೋಡೆಗೆ ನಿಲ್ಲಿಸಿದ ಎರಡು ಕಂಬ, ಮೇಲಿನಿಂದ ಕೆಳಗೆ ಬಿಗಿದ ದಾರ, ಅರ್ಧ ಮೇಲೆದ್ದ ಕೆಂಪು ನವಿಲು. ಇಷ್ಟೇನಾ ಅನ್ನಿಸಿತು. ಇಷ್ಟನ್ನು ಕಾಯಲು ಇಷ್ಟು ವರ್ಷ ಪರದೆಯೇ?

"ಪಾಸಾದೇನು?" ಎಂದರು ಖಾಲಾ, ತಿರುಗದೆ.

"ಹೌದ್ರಿ."

"ಬಾ. ಕುಂದ್ರ ಇಲ್ಲೆ."

ಹೊಸ್ತಿಲಲ್ಲೇ ನಿಂತೆ. "ನಾ ಸೊಸಿ ಅಲ್ರಿ ಖಾಲಾ."

"ನನಗ ಕಣ್ಣಿಲ್ಲೇನು?"

"ನಾ ಹೊಂಟಾಕಿ. ದೇಶಾ ಬಿಟ್ಟ ಹೊಂಟಾಕಿ. ನನ್ನಂಥಾಕಿಗೆ ಕಲಿಸಬಾರದು ಅಂತನ ಅಲ್ಲೇನ್ರಿ ಈ ಪರದೆ?"

ಖಾಲಾ ಆಗ ತಿರುಗಿದರು. "ನಮ್ಮವ್ವನ ಮನ್ಯಾಗೂ ಮಗ್ಗ ಇತ್ತು. ಅಲ್ಲೂ ಪರದೆ. ನಾ ಸಣ್ಣಾಕಿ ಹೊರಗ ಕುಂತು ಕೇಳ್ತಿದ್ದೆ. ಎರಡು ಹಗುರ, ಒಂದು ಬಲ. ಕೇಳಿ ಕೇಳಿ ಕೈಗೆ ಬಂದಬಿಟ್ಟಿತ್ತು. ಲಗ್ನ ಆಗಿ ಇಲ್ಲಿ ಬಂದೆ, ನಮ್ಮತ್ತಿ ಪಂಜಾ ಕೈಗೆ ಕೊಟ್ಟಳು. ಬರಂಗಿಲ್ಲ ಅನ್ನೋ ಹಂಗ ಸೋಗು ಹಾಕಿದೆ. ಬೇಕಂತ ತಪ್ಪು ಹೊಡದೆ. ಕಲತದ್ದನ್ನ ಕಲತಿಲ್ಲ ಅಂತ ತೋರಸೂದು ಎಷ್ಟ ತ್ರಾಸ ಗೊತ್ತೈತೇನು?"

ಗೊತ್ತಿತ್ತು. ನರ್ಸಾಗಿದ್ದೂ ನರ್ಸಿನ ಸೋಗು ಹಾಕಿದ ತ್ರಾಸಿಗೇ ಬೆಂಗಳೂರಿನಲ್ಲಿ ನನಗೆ ಸರ್ಟಿಫಿಕೇಟ್ ಕೊಟ್ಟಿದ್ದರು.

"ಗಲ್ಲಿಯವರು ಏನಂತಾರ್ರಿ?"

"ಅಂತಾರ. ಅವರಿಗೂ ಬಾಯಿ ಐತಿ. ನೀ ಏನ ಕಡಿಮಿ ಅದಿ, ಉತ್ತರಾ ಕೊಡು." ಪಂಜಾವನ್ನು ನನ್ನ ಕಡೆ ಚಾಚಿದರು. "ನನ್ನ ಮಗ ಹಟಮಾರಿ ಹುಡುಗ. ಪಾಸಾಗೋತನಕ ಬಾಯಿ ಬಿಡಂಗಿಲ್ಲ. ಅವಂಗ ಯಾರ ಕಲಿಸಿದ್ರು ಈ ರೂಲ್ಸು? ನಾನ. ಈ ಪರದೆ ಕಟ್ಟಿ ಕಟ್ಟಿ. ತಗೊ. ಹೋಗು, ಎಲ್ಲಿ ಬೇಕಾದಲ್ಲಿ ಹೋಗು. ಕೈಯಾಗ ಇಟ್ಟಕೊಂಡ ಹೋಗು."

ನನಗೆ ಸಂಚುಮಾಡಿ ಯಾರೋ ಅಳು ತರಿಸುತ್ತಿದ್ದಾರೆ ಅನ್ನಿಸಿತು. ಅಳಲಿಲ್ಲ. ಹೊಸ್ತಿಲು ದಾಟಿ ಕೂತೆ. ಪಂಜಾ ಕೈಗೆ ತಣ್ಣಗೆ, ಭಾರವಾಗಿ ಬಂತು. ಖಾಲಾ ಎಳೆ ಹೇಗೆ ದಾಟಿಸುವುದೆಂದು ತೋರಿಸಿದರು. ಎಳೆ ಸೊಟ್ಟ ಹೋಯಿತು. ಇನ್ನೊಂದೂ ಸೊಟ್ಟ. ಆದರೆ ಕುಟ್ಟಲು ಪಂಜಾ ಎತ್ತಿದಾಗ ಕೈ ನನ್ನನ್ನು ಕೇಳಲಿಲ್ಲ. ಎರಡು ಹಗುರ, ಒಂದು ಬಲ. ಎರಡು ಹಗುರ, ಒಂದು ಬಲ.

ಖಾಲಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. "ಕಳ್ಳಿ," ಎಂದರು. ಎದ್ದು ರೊಟ್ಟಿ ಬಡಿಯಲು ಹೋಗುವಾಗ, ಸರಿಸಿ ಕಟ್ಟಿದ್ದ ಪರದೆಯನ್ನು ಬಿಚ್ಚಿ ಇಳಿಬಿಟ್ಟರು. ಈಗ ನಾನು ಒಳಗಿದ್ದೆ.

ಊಟಕ್ಕೆ ಬಂದ ಇಲಿಯಾಸನ ಚಪ್ಪಲಿಯ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಅದು ನಿಂತಿತು. ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಮಗ್ಗದ ಕೋಣೆಯಿಂದ ಪಂಜಾದ ಸದ್ದು. ಈ ಮನೆಯಲ್ಲಿ ಎರಡೂ ಒಟ್ಟಿಗೆ ಎಂದೂ ಕೇಳಿಸಿರಲಿಲ್ಲ.

"ಅಮ್ಮೀ?" ಎಂದ ಪರದೆಗೆ.

"ನಿಮ್ಮ ಅಮ್ಮ ಒಲಿ ಮುಂದ ಅದಾರ," ಎಂದೆ. ಕೈ ನಿಲ್ಲಿಸಲಿಲ್ಲ.

ಆಮೇಲೆ ಪರದೆ ಸರಿಯಿತು. ಅವನು ನನ್ನನ್ನು ನೋಡಿದ, ಪಂಜಾ ನೋಡಿದ, ನನ್ನ ಸೊಟ್ಟ ಎಳೆಗಳನ್ನು ನೋಡಿದ. ಗಡ್ಡದಲ್ಲಿ ಹತ್ತಿಯ ಎಳೆ. ಈ ಮನೆಯಲ್ಲಿ ಹುಟ್ಟಿದ ಗಂಡಸಿಗೆ ಅದು ಹೋಗುವಂಥದಲ್ಲ.

"ನೀವು ಒಳಗ... ಅಂದ್ರ..."

"ಅಂದ್ರ ಏನು ಅಂತ ಬಿಶ್ಕೆಕ್‌ನ್ಯಾಗ ಕಲಿಸಲಿಲ್ಲೇನ್ರಿ?"

"ನಾ ಇನ್ನೂ ಪಾಸಾಗಿಲ್ಲ."

"ನಾ ಆಗೇನೇನು? ನೋಡ್ರಿ ಈ ನವಿಲ, ಕಾಲ ಮುರದ ಕೋಳಿ ಆಗೇತಿ. ನಿಮ್ಮಮ್ಮ ಕರದ್ರು, ಬಂದ ಕುಂತೆ."

"ನೀವು ಇಂಗ್ಲೆಂಡಿಗೆ ಹೊಕ್ಕೀರಿ."

"ಹೊಕ್ಕೇನಿ. ಬ್ಯಾಡ ಅಂದ್ರೂ ಹೊಕ್ಕೇನಿ."

"ನಾ ನಿಮ್ಮ ಹಿಂದ ಬಂದ್ರ, ಅಲ್ಲೂ ನನಗ ಒಂದು ಪರೀಕ್ಷಾ ಐತಿ. ಅಲ್ಲೂ ಫೇಲಾಗ್ತೇನಿ."

"ಆಗ್ರಿ. ಇಲ್ಲಿ ಒಬ್ಬರ ಫೇಲಾಗಿ ಸಾಕಾಗೇತಿ ನಿಮಗ. ಅಲ್ಲಿ ಜೋಡಿ ಇರ್ತೇನಿ."

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಮಾರ್ಗರೆಟ್ ಅಲ್ಲ, ಡ್ರೈವರ್ ಅಲ್ಲ, ಬಾಣಂತಿ ಅಲ್ಲ. ಯಾವ ಕಾರ್ಡೂ ಇಲ್ಲದೆ, ಮೊದಲ ಸಲ ನನ್ನ ಹೆಸರು ಹಿಡಿದು ಕರೆದ.

"ತಹಸೀನ್..."

ರೊಟ್ಟಿಯ ಸದ್ದು ನಿಂತಿತು. ಅವನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

"ಐ ಕ್ಯಾನ್ ಸೀ ದಿಸ್ ಈಸ್ ಡಿಫಿಕಲ್ಟ್ ಫಾರ್ ಯೂ," ಎಂದೆ, ತಲೆಯನ್ನು ಎಡಕ್ಕೆ ವಾಲಿಸಿ.

ಅವನು ನಕ್ಕುಬಿಟ್ಟ. ನಗುವಿನ ನಡುವೆಯೇ, ಒಂದೇ ಉಸಿರಿಗೆ, "ನನ್ನ ಲಗ್ನ ಆಗ್ತೀರೇನ್ರಿ?" ಎಂದ. ಕಣ್ಣು ತಗ್ಗಿಸಲಿಲ್ಲ.

ನಾನು ಪಂಜಾ ಎತ್ತಿ ಎಳೆ ಕುಟ್ಟಿದೆ. ಒಂದು ಏಟು ಹೆಚ್ಚಿಗೆ ಬಿತ್ತು.

"ಲಗೂ ಹೇಳಬೇ!" ಎಂದು ಒಲೆಯ ಕಡೆಯಿಂದ ಖಾಲಾ ಕೂಗಿದರು. "ರೊಟ್ಟಿ ಹೊತ್ತಾಕತ್ತಾವ ಇಲ್ಲಿ!"

"ಆಗ್ತೇನಿ," ಎಂದೆ. "ಮೊದಲ ಗಡ್ಡದಾಗಿನ ಎಳಿ ತಗೀರಿ."

ಅವನು ತೆಗೆಯಲಿಲ್ಲ. ಮುಖವನ್ನು ಸ್ವಲ್ಪ ಮುಂದೆ ತಂದು, ಒಳ್ಳೆಯ ರೋಗಿಯ ಹಾಗೆ, ಸುಮ್ಮನೆ ಕೂತ.